ಒಂದೇ ಮಗ್ಗುಲಿನ ಹಾಲು

ಉಮರ್ಗಾದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಹೆಂಗಸರ ಜಂಪರು ಮಾತ್ರ ಹೊಲಿಯುತ್ತೇನೆ. ಅಳತೆ ತೆಗೆಯಲು ಪರದೆ ಎಳೆದರೆ ಸಾಕು, ಗಂಡನ ಮುಂದೆ, ಡಾಕ್ಟರ ಮುಂದೆ ಬಾಯಿ ಬಿಡದವರು ನನ್ನ ಮುಂದೆ ಬಿಡುತ್ತಾರೆ. ಯಾರಾದರೂ, "ಎಡಕ್ಕ ಜರಾ ಸಡ್ಲ ಬಿಡ್ರಿ, ಅಲ್ಲಿ ತ್ರಾಸ ಆಗ್ತದ," ಅಂದರೆ ಟೇಪನ್ನು ಸುತ್ತಿ ಕೆಳಗಿಡುತ್ತೇನೆ. ಆಮೇಲೆ ಬೈಯುತ್ತೇನೆ. "ಸಡ್ಲ ಬಿಡೋದು ಆಮ್ಯಾಲ. ಮೊದಲ ದವಾಖಾನಿಗಿ ಹೋಗ್ರಿ, ಚೀಟಿ ತೋರ್ಸಿದ್ರೇ ಹೊಲಿತೀನಿ," ಎಂದು ಬಟ್ಟೆ ತಿರುಗಿ ಕೈಗೆ ಕೊಡುತ್ತೇನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಲ್ಲಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರಿಗೇನು ಗೊತ್ತು ಆ ಸಿಟ್ಟು ಎಲ್ಲಿಂದ ಬರುತ್ತದೆ ಎಂದು.

ಅಕ್ಕನ ಜಂಪರು ಮಾತ್ರ ಅಳತೆಯಿಲ್ಲದೆ ಹೊಲಿಯುತ್ತಿದ್ದೆ. ಅವಳನ್ನು ನಿಲಂಗಾಕ್ಕೆ ಕೊಟ್ಟಿತ್ತು. ನಲವತ್ತು ತುಂಬುವ ಮೊದಲೇ ಎಡ ಎದೆಯಲ್ಲಿ ಗಂಟಾಗಿ ಸೋಲಾಪುರದಲ್ಲಿ ಆಪರೇಶನ್ ಆಯಿತು, ಆ ಕಡೆಯದನ್ನು ಪೂರ್ತಿ ತೆಗೆದುಬಿಟ್ಟರು. ಹಳೆಯ ಧೋತರದ ತುಂಡಿನಲ್ಲಿ ಹತ್ತಿ ತುಂಬಿ ಅವಳ ಜಂಪರಿನ ಒಳಗೆ ಎಡಕ್ಕೆ ಕೂಡಿಸಿ ಹೊಲಿದು ಕೊಡುತ್ತಿದ್ದೆ. ಮೊದಲ ಸಲ ತೊಟ್ಟಾಗ ಕನ್ನಡಿ ಮುಂದೆ ನಿಂತು, "ಎರಡ್ರಾಗ ಯಾವ್ದು ಚಂದದ ಹೇಳು, ದೇವರು ಮಾಡಿದ್ದೋ, ನೀ ಮಾಡಿದ್ದೋ?" ಎಂದು ನಕ್ಕಿದ್ದಳು. ನನಗೆ ನಗು ಬರಲಿಲ್ಲ. ಅವಳ ಕೂದಲೆಲ್ಲ ಉದುರಿ ತಲೆಗೆ ಸೆರಗು ಬಿಗಿದುಕೊಂಡಿದ್ದಳು.

ನಮ್ಮ ಅವ್ವ ಹೋದದ್ದೂ ಅದೇ ರೋಗದಿಂದ. ಆಗ ನಾನು ಹತ್ತನೇ ತರಗತಿ. ಎದೆಯ ಹುಣ್ಣನ್ನು ಅವ್ವ ಎಂಟು ತಿಂಗಳು ಕಂಬಳಿಯೊಳಗೆ ಮುಚ್ಚಿಟ್ಟುಕೊಂಡಿದ್ದಳು. ವಾಸನೆ ಬಂದಾಗ ಊದುಬತ್ತಿ ಹಚ್ಚುತ್ತಿದ್ದಳು, ನಾವು ಅವ್ವನಿಗೆ ಭಕ್ತಿ ಹೆಚ್ಚಾಯಿತು ಅಂದುಕೊಂಡಿದ್ದೆವು. ಗೊತ್ತಾದ ಮೇಲೆ ಕೊನೆಯತನಕ ಅವಳ ಗಾಯ ತೊಳೆದವಳು ನಾನು. ಅಕ್ಕನಿಗೆ ಅಷ್ಟರಲ್ಲಿ ಮದುವೆಯಾಗಿ ಹೋಗಿತ್ತು, ಅಣ್ಣ ಕುರಿಯ ಹಿಂದೆ ಇರುತ್ತಿದ್ದ.

ಅವ್ವನಿಗೂ ಮಗಳಿಗೂ ಅದೇ ರೋಗವೆಂದು ತಿಳಿದ ಸೋಲಾಪುರದ ಡಾಕ್ಟರು ಅಕ್ಕನಿಗೆ ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದರು. ಅದನ್ನು ವಿವರಿಸಿ ಹೇಳುವ ಒಬ್ಬ ಮೇಡಮ್ಮು ತಿಂಗಳಿಗೊಮ್ಮೆ ಉದಗೀರದ ಒಂದು ದವಾಖಾನೆಗೆ ಬರುತ್ತಿದ್ದರು. ಬೀದರ ಕಡೆಯವರು, ಸಣ್ಣ ವಯಸ್ಸು, ನಮ್ಮದೇ ಮಾತು. ಪರೀಕ್ಷೆಯಲ್ಲಿ ಅಕ್ಕನ ರಕ್ತದಲ್ಲಿ ತಪ್ಪು ಸಿಕ್ಕಿತು. ಒಡಹುಟ್ಟಿದವರನ್ನೂ ಕರೆದುಕೊಂಡು ಬನ್ನಿ ಎಂದರು.

ಮೂವರೂ ಹೋದೆವು. ಅಣ್ಣ ಮಾಕಣಿ ಕೆರೆಯ ಹಿನ್ನೀರಿನಲ್ಲಿ ಕುರಿ ಬಿಟ್ಟುಕೊಂಡಿದ್ದವನು, ಹಿಂಡನ್ನು ಭಾವಮೈದುನನಿಗೆ ಒಪ್ಪಿಸಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಬಂದಿದ್ದ. ಮೇಡಮ್ಮು ಒಂದು ಹಾಳೆ ತೆಗೆದು ಹೆಂಗಸಿಗೆ ಗುಂಡು, ಗಂಡಸಿಗೆ ಚೌಕ ಬರೆಯುತ್ತ, ಯಾರು ಇದ್ದಾರೆ, ಯಾರು ಹೋದರು, ಯಾತರಿಂದ ಹೋದರು ಎಂದು ಕೇಳತೊಡಗಿದರು. ಅಪ್ಪ ಹೇಗೆ ಹೋದರು ಎಂದಾಗ ಅಣ್ಣ, "ಭೂಕಂಪದಾಗ್ರಿ," ಅಂದ. ಕಾಕಾ? ಭೂಕಂಪದಲ್ಲಿ. ಅಜ್ಜಿ? ಭೂಕಂಪದಲ್ಲಿ. ಮೇಡಮ್ಮು ಒಂದೊಂದಕ್ಕೂ ಅಡ್ಡಗೆರೆ ಎಳೆದು ಕೊನೆಗೆ ಪೆನ್ನು ಕೆಳಗಿಟ್ಟು, "ಇವರೆಲ್ಲ ಬದುಕಿದ್ದರ ಏನಾಗ್ತಿತ್ತೋ ಹೇಳಾಕ ಬರಂಗಿಲ್ಲ ನೋಡ್ರಿ," ಎಂದರು.

ಆಮೇಲೆ ವಿವರಿಸಿದರು. ಅಪ್ಪ ಅವ್ವ ನಮ್ಮ ರಕ್ತದಲ್ಲಿ ಬರೆದು ಕೊಟ್ಟದ್ದೊಂದು ಇರುತ್ತದೆ, ಅಕ್ಕನದರಲ್ಲಿ ಒಂದು ಕಡೆ ತಪ್ಪಿದೆ, ಅದು ಅವ್ವನಿಂದಲೇ ಬಂದಿರಬೇಕು, ಉಳಿದ ಮಕ್ಕಳಿಗೆ ಬರುವುದೂ ಬಾರದಿರುವುದೂ ಅರ್ಧಕ್ಕರ್ಧ. ಅಣ್ಣ ತಲೆಯಾಡಿಸಿದ. "ಟಗರಿನ ಗುಣ ಮರಿಗಿ ಬರ್ತದ. ಇದ್ರಾಗ ಹೊಸಾದೇನದ್ರಿ," ಅಂದ. ಹಾಳೆಯ ಮೇಲೆ ಅವ್ವನ ಗುಂಡಿನ ಕೆಳಗೆ ಮೂರು ಗೆರೆ ಎಳೆದು ಮೇಡಮ್ಮು ಕೇಳಿದರು, "ನೀವು ಮೂರೂ ಮಂದಿ ಒಂದೇ ತಾಯಿ ಮಕ್ಕಳು, ಹೌದಲ್ರಿ?"

"ಒಂದೇ ಹೊಟ್ಟ್ಯಾಗಿನವರು," ಅಂದ ಅಣ್ಣ, ಒಂದು ಕ್ಷಣವೂ ತಡೆಯದೆ.

ಅದು ಸುಳ್ಳು. ಅಣ್ಣನಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಮಾತ್ರ ಅವರಿಬ್ಬರಿಗೂ ಗೊತ್ತಿರಲಿಲ್ಲ.

ತೊಂಬತ್ತಮೂರರ ಆ ಭೂಕಂಪದ ವರ್ಷ ನನಗೆ ಮೂರು ತುಂಬಿತ್ತಂತೆ. ಸಾಸ್ತೂರದ ಹತ್ತಿರದ ನಮ್ಮ ಹಳೆ ಊರಲ್ಲಿ ಗೋಡೆಗೆ ಗೋಡೆ ಹತ್ತಿದ ಎರಡು ಮನೆ, ಎರಡೂ ಕುರಿಯವರದೇ. ಒಂದು ಮನೆಯಲ್ಲಿ ನನ್ನ ಹೊರತು ಯಾರೂ ಉಳಿಯಲಿಲ್ಲ. ಇನ್ನೊಂದರಲ್ಲಿ ಅವ್ವ, ಅಣ್ಣ, ಅಕ್ಕ ಉಳಿದರು. ಅವ್ವನ ಕಿರಿಯ ಮಗಳು, ನನ್ನಷ್ಟೇ ವಯಸ್ಸಿನವಳು, ಕಲ್ಲಿನಡಿ ಸಿಕ್ಕಿದಳು. ಮರಿ ಸತ್ತ ಕುರಿಗೆ ತಬ್ಬಲಿ ಮರಿಯನ್ನು ಹಚ್ಚುವಾಗ ನಮ್ಮವರು ಸತ್ತ ಮರಿಯ ಚರ್ಮವನ್ನು ತಬ್ಬಲಿಯ ಮೈಗೆ ಹೊದಿಸುತ್ತಾರೆ. ಕುರಿ ಮೂಸಿ ನೋಡಿ ತನ್ನದೇ ಅಂದುಕೊಂಡು ಹಾಲು ಬಿಡುತ್ತದೆ. ನನಗೂ ಹಾಗೇ ಮಾಡಿದರು. ಸತ್ತ ಹುಡುಗಿಯ ಅಂಗಿ ತೊಡಿಸಿದರು, ಅವಳ ಹೆಸರನ್ನೇ ಇಟ್ಟರು, ಬೀರಪ್ಪನ ಮುಂದೆ ಕಂಬಳಿ ಹಾಸಿ ಅವ್ವನ ಉಡಿಯಲ್ಲಿ ಕೂಡಿಸಿದರು. ದೇವರ ಅರಿಸಿನಪುಡಿಗೆ ನಾವು ಭಂಡಾರ ಅನ್ನುತ್ತೇವೆ. ಆ ಭಂಡಾರ ಮುಟ್ಟಿ ಮನೆಯವರೆಲ್ಲ ಆಣೆ ಮಾಡಿದರು: ಇಂದಿನಿಂದ ಈಕೆ ಈ ಹೊಟ್ಟೆಯವಳು, ಬೇರೆ ಎಂದು ಆಡಿದವರ ನಾಲಗೆ ಬೀಳಲಿ. ಅಣ್ಣ ಆಗ ಹದಿನಾರರ ಹುಡುಗ, ಅಕ್ಕ ಹದಿಮೂರು.

ಐದನೇ ತರಗತಿಯಲ್ಲಿ ಜಗಳವಾಡುತ್ತ ಒಬ್ಬಳು, "ನೀ ಸತ್ತ ಹುಡುಗಿ ಜಾಗಾದಾಗ ಬಂದಾಕಿ," ಎಂದು ಎಲ್ಲ ಒದರಿಬಿಟ್ಟಳು. ಅವಳ ಕೂದಲು ಹಿಡಿದು ಜಗ್ಗಿ ಮಾಸ್ತರರಿಂದ ಏಟು ತಿಂದು ಮನೆಗೆ ಬಂದೆ. ಅವ್ವ ಯಾಕೆ ಹೊಡೆದಾಡಿದೆ ಎಂದು ಕೇಳಿದಳು. ಹೇಳಲಿಲ್ಲ. ಹೇಳಿದರೆ ಅವ್ವನ ನಾಲಗೆ ಬೀಳುತ್ತದೆ ಎಂದು ಹೆದರಿದ್ದೆ. ದೊಡ್ಡವಳಾದ ಮೇಲೆ ನಾಲಗೆಯ ಹೆದರಿಕೆ ಹೋಯಿತು, ಬೇರೆ ಹೆದರಿಕೆ ಬಂತು. ಬಾಯಿಬಿಟ್ಟು ಆಡಿದ ದಿನ ನಾನು ನಿಜವಾಗಿಯೂ ಬೇರೆಯವಳಾಗಿಬಿಡುತ್ತೇನೆ ಎಂದು.

ಹಾಗಾಗಿ ಉದಗೀರದ ಆ ಕೋಣೆಯಲ್ಲಿಯೂ ಸುಮ್ಮನೆ ಕೂತೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ನಿಜ ಹೇಳಬೇಕೆಂದರೆ ಒಳಗೊಳಗೆ ಒಂದು ನಮೂನೆ ಸಂತೋಷವೂ ಆಯಿತು. ಅರ್ಧಕ್ಕರ್ಧ ಎಂಬ ಆ ಗಂಡಾಂತರದಲ್ಲಿ ನನ್ನನ್ನೂ ಎಣಿಸಿದ್ದರು. ಅವ್ವನ ಗುಂಡಿನಿಂದ ಇಳಿದ ಮೂರು ಗೆರೆಯಲ್ಲಿ ಒಂದು ನನ್ನದು. ಹಾಗೆ ಅಚ್ಚುಕಟ್ಟಾಗಿ ಬರೆದು ತೋರಿಸಿದ್ದನ್ನು ನಾನು ಅಲ್ಲಿಯತನಕ ಕಂಡೇ ಇರಲಿಲ್ಲ. ಕೈ ಚಾಚಿ ರಕ್ತ ಕೊಟ್ಟೆ. ಅಣ್ಣನೂ ಕೊಟ್ಟ. ಅಕ್ಕ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು.

ಒಂದು ತಿಂಗಳು ಕಾಯಬೇಕಿತ್ತು. ಆ ತಿಂಗಳು ನಾನು ಕತ್ತರಿಸಿದ ಬಟ್ಟೆಯಲ್ಲಿ ಅರ್ಧ ಕೆಟ್ಟವು. ರಕ್ತ ಎಲ್ಲವನ್ನೂ ಹೇಳಿಬಿಡುತ್ತದೆ, ಈಕೆ ಇವರವಳಲ್ಲ ಎಂದು ಕಾಗದದ ಮೇಲೆ ಬಂದುಬಿಡುತ್ತದೆ ಎಂಬ ಹೆದರಿಕೆ. ತಡೆಯಲಾರದೆ ಮೇಡಮ್ಮಿಗೆ ಫೋನು ಮಾಡಿ, ಆ ಪರೀಕ್ಷೆಯಲ್ಲಿ ಏನೇನು ಗೊತ್ತಾಗುತ್ತದೆ ಎಂದು ಕೇಳಿದೆ. "ಎಲ್ಲಾ ನೋಡಂಗಿಲ್ರಿ. ನಿಮ್ಮ ಅಕ್ಕಗ ಎಲ್ಲಿ ತಪ್ಪದ ಅಂತ ಗೊತ್ತದಲ್ಲ, ಅದೊಂದೇ ಜಾಗ ನೋಡ್ತೀವಿ," ಅಂದರು. ನನಗೆ ತಿಳಿಯಿತು. ಬಟ್ಟೆಯ ಇಡೀ ಥಾನನ್ನು ಬಿಚ್ಚುವುದಿಲ್ಲ, ಹರಿದದ್ದೆಂದು ಗೊತ್ತಿರುವ ಒಂದು ಗೇಣನ್ನು ಮಾತ್ರ ಬೆಳಕಿಗೆ ಹಿಡಿದು ನೋಡುತ್ತಾರೆ. ಉಸಿರು ಬಿಟ್ಟೆ. ಅದರ ಮರುದಿನವೇ ಇನ್ನೊಂದು ಯೋಚನೆ ಬಂತು, ಅದನ್ನು ಬರೆಯಲು ಇವತ್ತಿಗೂ ನಾಚಿಕೆ. ನನಗೂ ಬಂದಿದೆ ಎಂದು ಬರಲಿ ಎಂದು ಬೀರಪ್ಪನಿಗೆ ಬೇಡಿಕೊಂಡೆ. ನಾಲ್ಕನೇ ತರಗತಿಯ ಮಗಳಿರುವ ಹೆಂಗಸು ಬೇಡುವ ಬೇಡಿಕೆಯೇ ಅದು? ಬೇಡಿದೆ ಮಾತ್ರ ಹೌದು. ಆ ಹುಡುಗಿ ಶಾಲೆಯಲ್ಲಿ ಸುಳ್ಳು ಹೇಳಿದ್ದಿರಬಹುದು, ರಕ್ತವೇ ಸಾಕ್ಷಿ ಹೇಳಲಿ ಎಂಬ ಆಸೆ.

ಫಲಿತಾಂಶದ ದಿನ ಮತ್ತೆ ಮೂವರೂ ಉದಗೀರಕ್ಕೆ ಹೋದೆವು. ಮೇಡಮ್ಮು ನಗುತ್ತಲೇ ಕರೆದರು. "ಇಬ್ಬರಿಗೂ ಇಲ್ಲರಿ," ಎಂದರು. ಅಣ್ಣ ಕುಳಿತಲ್ಲೇ ಕೈಮುಗಿದು, ಹೊರಗೆ ಹೋಗಿ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದ, ಮೇಡಮ್ಮಿಗೆ, ಬಾಗಿಲಲ್ಲಿದ್ದ ನರ್ಸಿಗೆ, ಎಲ್ಲರಿಗೂ ಕೊಟ್ಟ. ನನ್ನ ಬಾಯಿಗೆ ತಾನೇ ಒಂದು ತುರುಕಿದ. ಅಕ್ಕ ತನ್ನ ಪೇಡೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಅದು ಬೆವರಿಗೆ ಮೆತ್ತಗಾಗುತ್ತಿತ್ತು.

"ಮ್ಯಾಡಮ್, ಒಂದ್ ಮಾತು ಕೇಳ್ಲೇನ್ರಿ," ಅಂದಳು ಅಕ್ಕ. "ಈ ಕಾಗದಾ ನಂಬಿ ಈಕಿ ಇನ್ನ ಎದಿ ತಪಾಸಣಿ ಮಾಡಿಸ್ಕೊಳ್ಳೋದು ಬ್ಯಾಡೇನ್ರಿ?"

"ಎಲ್ಲಾ ಹೆಣ್ಣುಮಕ್ಕಳು ಮಾಡೋ ಅಷ್ಟು ಕಾಳಜಿ ಮಾಡಿದ್ರ ಸಾಕ್ರಿ. ನಿಮ್ಮ ಅವ್ವಂದು ಈಕಿಗಿ ಬಂದಿಲ್ಲ."

"ಈಕಿ ನಮ್ಮ ಅವ್ವನ ಹೊಟ್ಟ್ಯಾಗ ಹುಟ್ಟೇ ಇಲ್ಲಂದ್ರ?"

ಅಣ್ಣ ಕುರ್ಚಿಯಿಂದ ಎದ್ದ. "ಏ, ಬಾಯಿ ಹಿಡಿ. ಭಂಡಾರ ಮುಟ್ಟೀದಿ ನೀ."

"ಮುಟ್ಟೀನಿ. ನಾಲಗಿ ಬೀಳಲಿ ಅಂದಿದ್ದರಲ್ಲ, ಬೀಳಲಿ. ನನಗ ಕೊಡೋದೆಲ್ಲ ಕೊಟ್ಟಾನ ದೇವರು, ಇನ್ನೇನು ಉಳಿಸ್ಯಾನ?" ಅಕ್ಕ ನಿಲ್ಲಲಿಲ್ಲ. ನನ್ನ ಕಡೆ ನೋಡದೆ ಮೇಡಮ್ಮಿನ ಮುಖವನ್ನೇ ನೋಡುತ್ತ ಹೇಳಿದಳು. "ಈಕಿನ್ನ ಹಡದಾಕಿ ನಮ್ಮ ಬಾಜೂ ಮನಿಯಾಕಿ. ನಾ ಸಣ್ಣಾಕಿ ಇದ್ದಾಗ ಆಕಿ ಜಳಕಕ್ಕ ನೀರು ಹಾಕ್ತಿದ್ದೆ, ಬೆನ್ನು ತಿಕ್ಕತಿದ್ದೆ. ಆಕಿ ಬಲಗಡಿ ಮೊಲಿ ಕಲ್ಲಾಗಿತ್ರಿ, ಚರ್ಮ ಒಳಗ ಎಳಕೊಂಡಿತ್ತು. ಬೇವಿನ ತಪ್ಪಲಾ ಅರದು ಕಟ್ಟತಿದ್ದಳು. ಈಕಿಗಿ ಒಂದೇ ಮಗ್ಗುಲಿನ ಹಾಲು ಕುಡಸ್ತಿದ್ದಳು. ಇನ್ನೊಂದ್ರಾಗ ಬರಂಗಿಲ್ಲ ಅಂತಿದ್ದಳು. ಯಾರಿಗೂ ಹೇಳಬ್ಯಾಡ, ನಮ್ಮವ್ವ ಹೋಗಿದ್ದೂ ಹೀಂಗೇ ಅಂತ ನನ್ನ ಕೈ ಹಿಡಕೊಂಡು ಅತ್ತಿದ್ದಳು. ಇಪ್ಪತ್ನಾಕೋ ಇಪ್ಪತ್ತೈದೋ ಇದ್ದೀತು ಆಕಿಗಿ. ಎರಡು ತಿಂಗಳಿಗೆ ಭೂಕಂಪ ಆತು. ಎಲ್ಲಾರೂ ಭೂಕಂಪದಾಗ ಹೋದಳು ಅಂತಾರ. ಹೋಗಿದ್ದು ಖರೇ. ಆದ್ರ ಅದಾಗದಿದ್ರೂ ಆಕಿ ಉಳೀತಿದ್ದಿಲ್ಲರಿ."

ನನ್ನ ಬಾಯಲ್ಲಿ ಪೇಡೆ ಹಾಗೇ ಇತ್ತು. ಹಡೆದವಳ ಮುಖ ನನಗೆ ನೆನಪಿಲ್ಲ, ಅವಳ ಬಗ್ಗೆ ಯಾರೂ ಒಂದು ಮಾತು ಆಡಿದವರಿಲ್ಲ. ಮೊದಲ ಸಲ ಕೇಳಿದ್ದೇ ಅವಳ ಗಂಟಿನ ಸುದ್ದಿ.

"ನನಗ ಗೊತ್ತದ ಅಕ್ಕಾ," ಅಂದೆ ಕೊನೆಗೆ. "ಗಂಟಿಂದು ಅಲ್ಲ. ನಾ ಬ್ಯಾರೆ ಅನ್ನೋದು. ಐದನೇ ಕ್ಲಾಸಿನ್ಯಾಗಿಂದ ಗೊತ್ತದ."

ಅಕ್ಕ ಈಗ ನನ್ನ ಕಡೆ ತಿರುಗಿದಳು. "ಮತ್ತ ಹೋದ ಸಲ ಯಾಕ ಸುಮ್ಮ ಕುಂತಿ, ಹುಚ್ಚಿ? ನಾ ಆಣಿಗಿ ಹೆದರಿ ಸುಮ್ಮಿದ್ದೆ. ನಿನಗ ಯಾರು ಆಣಿ ಹಾಕಿದ್ರು?"

ಮೇಡಮ್ಮು ಹೊಸ ಹಾಳೆ ತೆಗೆದುಕೊಂಡರು. ಒಂದೇ ಗೇಣು ನೋಡಿದರೆ ಸಾಲದು, ಈ ಸಲ ಇಡೀ ಥಾನನ್ನೇ ಬಿಚ್ಚಿ ನೋಡಬೇಕು ಎಂದು ಮತ್ತೆ ರಕ್ತ ತೆಗೆಸಿದರು. ಎದೆಯ ಫೋಟೋವನ್ನೂ ತೆಗೆಸಬೇಕು, ಅದನ್ನು ಅದೇ ದಿನ ತೆಗೆಸಿದರು. ಅದರಲ್ಲಿ ಸದ್ಯಕ್ಕೆ ಏನೂ ಕಾಣಲಿಲ್ಲ. ಸದ್ಯಕ್ಕೆ ಎಂಬ ಆ ಒಂದು ಮಾತು ನನ್ನ ಬೆನ್ನು ಹತ್ತಿತು. ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ನಮ್ಮಿಂದ ದೂರ ನಿಂತ. ಬಸ್ಸು ಹತ್ತುವಾಗ, "ದೇವರ ಮುಂದ ಆಡಿದ ಮಾತು ನೀವಿಬ್ಬರೂ ಕೂಡಿ ಮುರದ್ರಿ," ಅಂದ, ಅಷ್ಟೇ. ಆಮೇಲೆ ಎರಡು ತಿಂಗಳು ಫೋನು ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಅವನ ಮೇಲೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಅಳು ಬಂತು. ನಾನು ಹೆದರಿದ್ದು ಇದಕ್ಕೇ ತಾನೆ.

ಎರಡನೇ ಸಲ ಕಾಯುವಾಗ ಹೆದರಿಕೆಯ ಬಣ್ಣವೇ ಬದಲಾಗಿತ್ತು. ಜಳಕಕ್ಕೆ ಹೋದರೆ ಬಚ್ಚಲಲ್ಲಿ ಒಂದು ತಾಸು. ಸೋಪು ಹಚ್ಚಿ ಒತ್ತಿ ನೋಡುವುದು, ಮತ್ತೆ ನೋಡುವುದು. ಎಲುಬು ತಾಕಿದರೂ ಗಂಟೆನಿಸುತ್ತಿತ್ತು. ಮಗಳು ಹೊರಗೆ ನಿಂತು, "ಅವ್ವಾ, ಸಾಲಿಗಿ ಹೊತ್ತಾತು," ಎಂದು ಬಾಗಿಲು ಬಡಿಯುತ್ತಿದ್ದಳು. ಮತ್ತೊಂದು ಸಲ ಬೀರಪ್ಪನಿಗೆ ಬೇಡಿದೆ, ಈ ಸಲ ಬಾರದಿರಲಿ ಎಂದು. ಮೊದಲಿನದನ್ನು ಮನ್ನಿಸು, ಬುದ್ಧಿಯಿಲ್ಲದೆ ಬೇಡಿದ್ದೆ ಎಂದೂ ಸೇರಿಸಿದೆ.

ಉದಗೀರಕ್ಕೆ ಒಬ್ಬಳೇ ಹೋದೆ. ಅಕ್ಕ ಬರುತ್ತೇನೆಂದವಳು ಹಿಂದಿನ ದಿನ, ಮೈಯಲ್ಲಿ ಕಸುವಿಲ್ಲ ಎಂದಳು. ಮೇಡಮ್ಮಿನ ಮುಖ ನೋಡಿದ ಕೂಡಲೇ ತಿಳಿಯಿತು, ನಗು ಇರಲಿಲ್ಲ. ತಪ್ಪು ಇತ್ತು. ಅಕ್ಕನದಲ್ಲ, ಬೇರೆ ಜಾಗದ್ದು, ಹಡೆದವಳದು. "ಇದು ರೋಗ ಅಲ್ರೀ, ರೋಗ ಬರೋ ದಾರಿ. ದಾರಿ ಮೊದಲೇ ಗೊತ್ತಾಗೇದ, ಆರಾರು ತಿಂಗಳಿಗೆ ನೋಡ್ತಾ ಇರೋಣು," ಎಂದು ಇನ್ನೂ ಏನೇನೋ ಹೇಳಿದರು. ಆಪರೇಶನ್ನಿನ ಮಾತೂ ಬಂತು, ಮಗಳು ದೊಡ್ಡವಳಾದ ಮೇಲೆ ಅವಳ ಪರೀಕ್ಷೆಯ ಮಾತೂ ಬಂತು. ನನ್ನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಎಲ್ಲ ಬರೆದುಕೊಡಿ ಎಂದು ಚೀಟಿ ತೆಗೆದುಕೊಂಡು ಹೊರಬಿದ್ದೆ.

ನಿಲಂಗಾದಲ್ಲಿ ಇಳಿದೆ. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. "ಬಂದದ ಅಕ್ಕಾ," ಅಂದೆ. ಅವಳು ಚೀಟಿ ಇಸಿದುಕೊಂಡು ಓದಲು ಬಾರದ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಎರಡು ಹೊಟ್ಟಿ, ಎರಡು ಜಾಗ, ಇಬ್ಬರಿಗೂ ಬಂತು," ಅಂದಳು. "ಇನ್ನ ಯಾವಾಕಿ ನಿನಗ ಬ್ಯಾರೆ ಅಂತಾಳ, ಕಳಿಸಿ ಕೊಡು ನನ್ನ ಕಡೀಗಿ." ನಗಲು ನೋಡಿದಳು, ಆಗಲಿಲ್ಲ. ಇಬ್ಬರೂ ಅತ್ತೆವು.

ಅತ್ತು ಮುಗಿದ ಮೇಲೆ ನಾನು ಬಚ್ಚಲಿನ ಸಂಗತಿ ಹೇಳಿದೆ. ಒತ್ತಿ ನೋಡುತ್ತೇನೆ, ಯಾವುದು ಗಂಟು, ಯಾವುದು ಬರೇ ಮಾಂಸ, ತಿಳಿಯುವುದಿಲ್ಲ, ಎಲ್ಲವೂ ಗಂಟೇ ಅನಿಸುತ್ತದೆ, ಹುಚ್ಚು ಹಿಡಿಯುತ್ತದೆ ಎಂದೆ. ಅಕ್ಕ ನೆಟ್ಟಗೆ ಕೂತಳು. "ಬಾಗಿಲಾ ಮುಂದ ಮಾಡು," ಅಂದಳು. ಬಾಗಿಲು ಹಾಕಿ ಬಂದೆ. ಅವಳು ಜಂಪರಿನ ಗುಂಡಿ ಬಿಚ್ಚಿ, ನನ್ನ ಎರಡು ಬೆರಳು ಹಿಡಿದು ತನ್ನ ಬಲಗಡೆ ಎದೆಯ ಮೇಲೆ ಇಟ್ಟು, ಮೆಲ್ಲಗೆ ಒತ್ತಿ ಸರಿಸಿದಳು.

"ಇದು ಮಾಂಸ. ಸರೀತದ ನೋಡು. ಇದು ಎಲುಬು. ಇಲ್ಲಿ ಬಾ. ಹಾಂ, ಇದು. ಹಸಿ ಕಡಲಿ ಕಾಳಿನಂಗ, ಒತ್ತಿದ್ರ ಜರಗಂಗಿಲ್ಲ. ನೆನಪಿಟ್ಟುಕೋ. ಹೀಂಗ ಹತ್ತಿತಂದ್ರ ಒಂದ್ ದಿನಾನೂ ತಡಾ ಮಾಡಬ್ಯಾಡ."

ನನ್ನ ಬೆರಳು ಅಲ್ಲೇ ನಿಂತಿತು. ಸೋಲಾಪುರದವರು ತೆಗೆದದ್ದು ಎಡಗಡೆಯದು. ಇದು ಬಲಗಡೆ.

"ಯಾವಾಗಿಂದ ಅದ ಇದು?" ಅಂದೆ.

"ಒಂದೂವರಿ ತಿಂಗಳಾಗಿರಬೇಕು. ನಿಂದೊಂದು ಕಾಗದ ಬಂದುಬಿಡ್ಲಿ, ಆಮ್ಯಾಲ ಹೇಳಿದ್ರಾತು ಅಂತಿದ್ದೆ. ಮೊದಲೇ ಹೇಳಿದ್ದರ ನೀ ನನ್ನ ಹಿಂದ ಓಡ್ಯಾಡ್ತಿದ್ದಿ, ನಿಂದು ಹಿಂದ ಬೀಳ್ತಿತ್ತು."

ಅವತ್ತು ನಾನು ಅಕ್ಕನಿಗೆ ಬೈದಷ್ಟು ಜನ್ಮದಲ್ಲಿ ಯಾರಿಗೂ ಬೈದಿಲ್ಲ. ಅವಳ ಜಂಪರಿನ ಗುಂಡಿ ಹಾಕುತ್ತ ಹಾಕುತ್ತಲೇ ಬೈದೆ. ಅಣ್ಣನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ. ನಾಲ್ಕನೇ ಸಲ ಎತ್ತಿದ, ಹಿಂದೆ ಕುರಿ ಒದರುವುದು ಕೇಳುತ್ತಿತ್ತು. ನನಗೆ ಬಂದದ್ದನ್ನೂ ಅಕ್ಕನಿಗೆ ತಿರುಗಿ ಬಂದದ್ದನ್ನೂ ಒಂದೇ ಉಸಿರಿಗೆ ಹೇಳಿದೆ.

"ಎಲ್ಲಿದೀರಿ ನನ್ನ ತಂಗೇರು?" ಅಂದ ಅಣ್ಣ. "ಅಲ್ಲೇ ಇರ್ರಿ ಇಬ್ರೂ. ಬರಾಕತ್ತೀನಿ."